ಏಳನೇ ತಳಿ ಮತ್ತು ಗೊರೇಬಾಳದ ಹುಲ್ಲು

ತಟ್ಟೆಯ ಮೇಲೆ ಕಾಂಗೋ ರೆಡ್ ಬಣ್ಣ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಉಪ್ಪುನೀರಿನಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಏಳನೇ ಗುರುತಿನ ಸುತ್ತ ತಿಳಿಯಾದ ವೃತ್ತವೊಂದು ಮೂಡಿತ್ತು. ಅದು ಎಷ್ಟು ಅಗಲವಿತ್ತು ಎಂಬುದರಲ್ಲಿ ನನಗೂ ನನ್ನ ಲ್ಯಾಬ್ ಸಹಾಯಕಿಗೂ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ಎರಡು ರೂಪಾಯಿ ನಾಣ್ಯದಷ್ಟಿದೆ. ಅವಳು ಅಂಗಿ ಗುಂಡಿಯಷ್ಟಿತ್ತು ಎನ್ನುತ್ತಾಳೆ. ಫೋಟೊ ಇದೆ. ಆದರೆ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡುವುದನ್ನು ಇಬ್ಬರೂ ಮರೆತಿದ್ದೆವು. ಫೋನನ್ನು ಹತ್ತಿರ ಹಿಡಿದರೆ ಯಾವ ವೃತ್ತವಾದರೂ ದೊಡ್ಡದೇ.

ಸಿಂಧನೂರಿನ ಹೊರವಲಯದಲ್ಲಿ, ಗೊಬ್ಬರದ ವ್ಯಾಪಾರಿಯೊಬ್ಬರ ಗೋದಾಮಿನ ಹಿಂದಿನ ಎರಡು ಕೋಣೆಗಳೇ ನಮ್ಮ ಲ್ಯಾಬು. ಭತ್ತದ ಹುಲ್ಲನ್ನು ಹೊಲದಲ್ಲೇ ಬೇಗ ಕೊಳೆಸುವ ಬ್ಯಾಕ್ಟೀರಿಯಾ ದ್ರಾವಣ ತಯಾರಿಸುವುದು, ಲ್ಯಾಬಿನ ಮಾಲೀಕರೂ ಆದ ಆ ವ್ಯಾಪಾರಿ ನನಗೆ ಒಪ್ಪಿಸಿದ ಕೆಲಸ. ಕಾಲುವೆ ನೀರಿನ ಈ ಸೀಮೆಯಲ್ಲಿ ಮೊದಲ ಬೆಳೆ ಕಟಾವಾಗಿ ಎರಡನೇ ನಾಟಿಗೆ ನೀರು ಬರುವ ನಡುವೆ ಸಿಗುವ ಸಮಯ ಕಡಿಮೆ. ಕಟಾವು ಯಂತ್ರ ಉಗುಳಿಹೋದ ಹುಲ್ಲು ಮೊಳಕಾಲೆತ್ತರ ಬಿದ್ದಿರುತ್ತದೆ. ಬೆಂಕಿ ಹಚ್ಚುವುದು ಬಿಟ್ಟರೆ ರೈತರಿಗೆ ಬೇರೆ ದಾರಿ ಕಾಣುವುದಿಲ್ಲ.

ನಮ್ಮ ಬ್ಯಾಕ್ಟೀರಿಯಾ ಸಿಕ್ಕಿದ್ದು ವಳಕಮದಿನ್ನಿಯ ಕಾಲುವೆ ಬಸಿನೀರಿನಲ್ಲಿ ತಾನಾಗಿ ಕೊಳೆತಿದ್ದ ಬಣವೆಯ ಅಡಿಯಲ್ಲಿ. ಹುಲ್ಲಿನ ಗಟ್ಟಿ ಭಾಗವಾದ ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವವನ್ನು ಅದು ತಯಾರಿಸುತ್ತಿತ್ತು, ಆದರೆ ಜಿಪುಣತನದಿಂದ. ಸೆಲ್ಯುಲೋಸ್ ಬೆರೆಸಿದ ತಟ್ಟೆಯಲ್ಲಿ ಬೆಳೆಸಿ ಬಣ್ಣ ಹಾಕಿದರೆ, ಕಿಣ್ವ ಕತ್ತರಿಸಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ, ತಿಳಿ ವೃತ್ತ ಕಾಣುತ್ತದೆ. ಮೂಲ ತಳಿಯ ವೃತ್ತ ಕಣ್ಣು ಕಿರಿದಾಗಿಸಿ ನೋಡಿದರೆ ಮಾತ್ರ ಕಾಣುವಂತಿತ್ತು.

ಕಿಣ್ವದ ಉತ್ಪಾದನೆ ಹೆಚ್ಚಿಸಲು ನಾನು ಹಿಡಿದ ದಾರಿ ಮಾಲೀಕರಿಗೆ ವಿಚಿತ್ರವೆನಿಸಿತು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧ ಬೆರೆಸಿದ ತಟ್ಟೆಯ ಮೇಲೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಹರಡುವುದು. ಬಹುತೇಕ ಎಲ್ಲವೂ ಸಾಯುತ್ತವೆ. ಬೆರಳೆಣಿಕೆಯಷ್ಟು ಬದುಕುತ್ತವೆ. ಜೀವಕೋಶದೊಳಗೆ ವಂಶವಾಹಿಗಳನ್ನು ನಕಲು ಮಾಡುವ ಯಂತ್ರವೊಂದಿದೆ. ಈ ಔಷಧ ಹೋಗಿ ಸಿಕ್ಕಿಕೊಳ್ಳುವುದು ಅದರ ಹಲ್ಲಿಗೆ. ಬದುಕಿದ ಬ್ಯಾಕ್ಟೀರಿಯಾದಲ್ಲಿ ಉತ್ಪರಿವರ್ತನೆಯಾಗಿ ಆ ಹಲ್ಲು ತುಸು ಸೊಟ್ಟಗಾಗಿರುತ್ತದೆ, ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಆದರೆ ಸೊಟ್ಟ ಹಲ್ಲಿನ ಯಂತ್ರ ಎಲ್ಲ ವಂಶವಾಹಿಗಳನ್ನೂ ಮೊದಲಿನ ಪ್ರಮಾಣದಲ್ಲಿ ಓದುವುದಿಲ್ಲ. ಕೆಲವನ್ನು ಹೆಚ್ಚು ಓದುತ್ತದೆ, ಕೆಲವನ್ನು ಕಡಿಮೆ. ಹೆಚ್ಚಾದದ್ದು ನಮಗೆ ಬೇಕಾದ ಕಿಣ್ವವೇ ಆಗಿದ್ದರೆ ಅದೃಷ್ಟ.

ಮಾಲೀಕರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಇಷ್ಟನ್ನೂ ಕೇಳಿಸಿಕೊಂಡರು.

“ಅಂದ್ರ ಟೀಬಿ ಗುಳಗಿಗೂ ಸಾಯಲಾರದ ಹುಳಾ ಬೇಸ್ ದುಡೀತಾವ ಅಂದಂಗಾತು.”

“ಎಲ್ಲಾ ಅಲ್ರೀ. ಭಾಳಷ್ಟು ಮೊದಲಿನಕಿಂತ ಕೆಡ್ತಾವ. ಎಲ್ಲೋ ಒಂದು ಸುಧಾರಿಸ್ತದ.”

“ಜೋಡಿ ಬೇಕನ್ನಾಕ ನಮಗೇನು ಲಗ್ನಾ ಮಾಡೋದೈತೇನು? ಒಂದ ಸಾಕು.”

ಬದುಕುಳಿದವುಗಳನ್ನು ಒಂದೊಂದಾಗಿ ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಎರಡು ತಟ್ಟೆಗಳಲ್ಲಿ ಒಂದೇ ಜಾಗಕ್ಕೆ ಚುಚ್ಚುತ್ತಿದ್ದೆವು. ಒಂದು ತಟ್ಟೆಗೆ ಬಣ್ಣ, ಇನ್ನೊಂದು ಜೀವಂತವಾಗಿ ಫ್ರಿಜ್ಜಿಗೆ. ಹೆಚ್ಚಿನವು ಮಂಕಾಗಿದ್ದವು. ಕೆಲವು ಬೆಳೆಯಲು ಹೆಣಗುತ್ತಿದ್ದವು. ಏಳನೆಯದು ಮಾತ್ರ ಬೇರೆ. ಅದರ ವಂಶವಾಹಿಯನ್ನು ಓದಿಸಿ ನೋಡುವ ಅನುಕೂಲ ನಮಗಿರಲಿಲ್ಲ. ಹಾಗಾಗಿ ಉತ್ಪರಿವರ್ತನೆ ಅದೇ ಯಂತ್ರದಲ್ಲಾಗಿದೆ ಎಂದು ನಾನು ಹೇಳುವುದು ಬೇರೆಯವರು ಬರೆದದ್ದನ್ನು ಓದಿದ ಬಲದಿಂದ. ಕಣ್ಣಾರೆ ಕಂಡದ್ದಲ್ಲ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ಹೊಲಕ್ಕೆ ಬಿಡುವುದು ಸರಿಯೇ ಎಂಬ ಪ್ರಶ್ನೆ ಮೊದಲ ದಿನವೇ ಇತ್ತು. ಇದು ರೋಗ ತರುವ ಜಾತಿಯಲ್ಲ. ಈ ಬಗೆಯ ನಿರೋಧಕತೆ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಇವೆರಡನ್ನೂ ನನಗೆ ನಾನೇ ಹಲವು ಸಲ ಹೇಳಿಕೊಂಡೆ. ಒಬ್ಬ ರೈತ, ಒಂದು ಹೊಲ, ಬೀಜ ದ್ರಾವಣ ಪ್ರತಿ ಸಲವೂ ಲ್ಯಾಬಿನಿಂದಲೇ, ಉಳಿದದ್ದು ಲ್ಯಾಬಿಗೇ ವಾಪಸ್ ಎಂದು ನಿಯಮ ಮಾಡಿಕೊಂಡೆ.

ಆ ಒಬ್ಬ ರೈತ ಗೊರೇಬಾಳದವರು. ಐವತ್ತು ದಾಟಿದ, ಗಡ್ಡಕ್ಕೆ ಮೆಹಂದಿ ಹಚ್ಚುವ ಸಾಬರು. ಊರಿನಲ್ಲಿ ಎಲ್ಲರೂ ಅವರನ್ನು ಭಾಯಿ ಎಂದೇ ಕರೆಯುತ್ತಾರೆ. ಉಪಕಾಲುವೆಯ ಕೊನೆಗೆ ಅವರ ಆರು ಎಕರೆ. ಹಿಂದಿನ ವರ್ಷ ಅವರು ಹಚ್ಚಿದ ಬೆಂಕಿ ಗಾಳಿಗೆ ಬದು ದಾಟಿ ಪಕ್ಕದ ಹೊಲದವರ ಪೈಪುಗಳನ್ನೂ ಬೋರಿನ ಕೇಬಲ್ಲನ್ನೂ ಸುಟ್ಟಿತ್ತು. ಇಬ್ಬರೂ ಒಂದೇ ಬಂಡಿಯಲ್ಲಿ ಶಾಲೆಗೆ ಹೋದವರಂತೆ. ಆ ಬೆಂಕಿಯ ನಂತರ ಇಬ್ಬರ ನಡುವೆ ಮಾತು ನಿಂತಿತ್ತು. ಈ ವರ್ಷ ಹೊಲದಲ್ಲಿ ಕಡ್ಡಿ ಗೀರುವುದಿಲ್ಲ ಎಂದು ಭಾಯಿ ಮಂದಿಯ ಎದುರು ಮಾತು ಕೊಟ್ಟಿದ್ದರು.

“ಹಚ್ಚಿಬಿಟ್ರ ಒಂದ್ ತಾಸಿನ ಕೆಲಸ ಸರ,” ಎಂದರು ಮೊದಲ ಸಲ ಹೊಲದಲ್ಲಿ ನಿಂತಾಗ. “ಮಾತ ಕೊಟ್ಟು ಕುಂತೀನಿ. ಕಾಲುವಿ ನೀರು ಬರೂದ್ರೊಳಗ ಇದು ಕರಗಬೇಕು. ಕರಗಲಿಲ್ಲಂದ್ರ ಸಸಿ ಮಡಿಯಾಗ ಮುದುಕಿ ಆಗ್ತಾವ. ನಾವು ಕಡೀ ಹೊಲದಾವ್ರು, ನೀರು ಬಂದಾಗ ಹಿಡದ್ರ ನಮ್ದು, ಇಲ್ಲಂದ್ರ ಇಲ್ಲ.”

“ಕರಗ್ತದ,” ಎಂದೆ. ‘ಕರಗಬಹುದು’ ಎನ್ನಬೇಕಿತ್ತು, ಹಾಗೆಂದೆನೆಂದೇ ಬಹಳ ದಿನ ನಂಬಿದ್ದೆ. ಸಹಾಯಕಿ ಪಕ್ಕದಲ್ಲೇ ಇದ್ದಳು. ‘ಕರಗ್ತದ’ ಎಂದೇ ಹೇಳಿದೆನಂತೆ.

ಮೊದಲ ಡ್ರಮ್ಮಿಗೆ ನೀರು, ಬೆಲ್ಲ, ಲ್ಯಾಬಿನ ದ್ರಾವಣ ಬೆರೆಸಿ ನಾವೇ ತಯಾರಿಸಿಕೊಟ್ಟೆವು. ಬೋರಿನ ಹತ್ತಿರದ ಒಂದು ಪಟ್ಟಿಗೆ ಅದನ್ನು ಸಿಂಪಡಿಸಿ, ಹುಲ್ಲು ಒಣಗದಂತೆ ನೀರು ಹಾಕುತ್ತಿರಲು ಹೇಳಿದೆವು. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿಗೆ ದಾರ ಕಟ್ಟಿ, ಅಲ್ಲಿಗೆ ಬರೀ ನೀರು ಮಾತ್ರ ಎಂದೆ. ಹೋಲಿಸಿ ನೋಡಲು ಏನೂ ಹಾಕದ ಜಾಗವೊಂದು ಇರಲೇಬೇಕು. ನಾನು ಕಲಿತದ್ದರಲ್ಲಿ ಎಂದೂ ಅನುಮಾನಿಸದ ಪಾಠ ಅದೊಂದೇ.

ಮುಂದಿನ ಸಲ ಹೋದಾಗ ಮೊದಲ ಪಟ್ಟಿಯ ಹುಲ್ಲು ಕಪ್ಪಾಗಿತ್ತು. ಭಾಯಿ ಒಂದು ಹಿಡಿ ಎತ್ತಿ ಮುರಿದರು. “ಹಪ್ಪಳಾದಂಗ ಮುರೀತೈತಿ ನೋಡ್ರಿ!” ಅಣಬೆಯಂಥ ವಾಸನೆ ಬರುತ್ತಿತ್ತು. ದಾರ ಕಟ್ಟಿದ ಪಟ್ಟಿಯೂ ಕಪ್ಪಾಗಿತ್ತು.

“ಭಾಯಿ, ಇದಕ್ಕೂ ಹೊಡದೀರೇನು?”

“ಹೊಡದೆ ಸರ. ಬಾಜೂ ಬಾಜೂ ಕುಂದ್ರಿಸಿ ಒಂದಕ್ಕ ಊಟ ಹಾಕಿ ಇನ್ನೊಂದಕ್ಕ ಉಪಾಸ ಕೆಡವೋದು ಹೆಂಗ್ರೀ? ನನ್ನ ಹೊಲಾ ಅಲ್ಲೇನದು?”

ಸಹಾಯಕಿ ಮುಖ ತಿರುಗಿಸಿ ನಕ್ಕಳು. ನನಗೆ ಸಿಟ್ಟು ಬಂತು. ಆದರೆ ಕೈಯಲ್ಲಿ ಮುರಿಯುತ್ತಿದ್ದ ಹುಲ್ಲಿನ ಮುಂದೆ ಅದು ನಿಲ್ಲಲಿಲ್ಲ. ಮಾಲೀಕರು ಬಾಟಲಿಯ ಮೇಲೆ ಅಂಟಿಸುವ ಚಿತ್ರ ಆಯ್ಕೆ ಮಾಡಲು ಶುರು ಮಾಡಿದರು.

ಉಳಿದ ಹೊಲಕ್ಕೆ ಸಿಂಪಡಣೆಯಾಗಿ ಎರಡು ವಾರ ಕಳೆದ ಮೇಲೆ ಮತ್ತೆ ಹೋದೆವು. ಹುಲ್ಲು ಹಾಗೇ ಇತ್ತು. ಮೇಲೆ ಒದ್ದೆ, ಬಣ್ಣ ಮಾತ್ರ ಕಟಾವಿನ ದಿನದ ಹಳದಿ. ಎಳೆದರೆ ಹಗ್ಗದಂತೆ ಬಿಗಿಯಾಗುತ್ತಿತ್ತು. ಬದುವಿನ ಮೇಲೆ ಮೂರು ಡ್ರಮ್ಮುಗಳು ನೊರೆ ಉಕ್ಕಿಸುತ್ತ ನಿಂತಿದ್ದವು. ನಾನು ಕೊಟ್ಟದ್ದು ಒಂದು ಡ್ರಮ್ಮಿಗಾಗುವಷ್ಟು ದ್ರಾವಣ.

“ಇವಕ್ಕೆಲ್ಲಾ ಮಾಲು ಎಲ್ಲಿಂದ ಬಂತು ಭಾಯಿ?”

“ಹೆಪ್ಪು ಇಟ್ಟಿದ್ದೆ ಸರ. ಒಂದ್ ಡ್ರಮ್ಮು ಖಾಲಿ ಆಗೂ ಮುಂದ ಒಂದ್ ಕೊಡ ಉಳಿಸಿ ಇನ್ನೊಂದಕ್ಕ ಹಾಕೋದು. ಮತ್ತ ಬೆಲ್ಲ. ಮೊಸರು ಮಾಡಾಕ ದಿನಾ ಡೇರಿಗೆ ಓಡ್ತೀವೇನ್ರೀ?”

“ಪ್ರತಿ ಸಲಾ ಲ್ಯಾಬಿಂದನ ಒಯ್ರಿ ಅಂದಿದ್ನಲ್ಲ?”

“ಎಲ್ಲಿ ಅಂದ್ರಿ? ‘ಹೆಪ್ಪು ಇದ್ದಂಗ ನೋಡ್ರಿ ಇದು’ ಅಂದ್ರಿ.”

ನಾನು ಸಹಾಯಕಿಯ ಕಡೆ ನೋಡಿದೆ.

“ಎರಡೂ ಅಂದ್ರಿ ಸರ,” ಎಂದಳು.

ಮೂರೂ ಡ್ರಮ್ಮುಗಳಿಂದ ಒಂದೊಂದು ಬಾಟಲಿ ತುಂಬಿಸಿಕೊಂಡು ಲ್ಯಾಬಿಗೆ ಬಂದೆವು. ದ್ರಾವಣವನ್ನು ಹತ್ತು ಪಟ್ಟು, ನೂರು ಪಟ್ಟು ಹೀಗೆ ತೆಳುವಾಗಿಸಿ, ಔಷಧವಿರುವ ತಟ್ಟೆಗೂ ಇಲ್ಲದ ತಟ್ಟೆಗೂ ಹರಡಿದೆವು. ಬೇರೆ ಯಾವುದೋ ಬ್ಯಾಕ್ಟೀರಿಯಾ ಸೇರಿ ನಮ್ಮದನ್ನು ತಿಂದುಹಾಕಿದೆ ಎಂಬುದು ನನ್ನ ಊಹೆ. ಹಾಗಾಗಿದ್ದರೆ ಔಷಧದ ತಟ್ಟೆ ಖಾಲಿ ಇರಬೇಕು. ಅದು ಖಾಲಿ ಇರಲಿಲ್ಲ. ಎರಡು ತಟ್ಟೆಗಳಲ್ಲೂ ಒಂದೇ ಬಗೆಯ ಬೆಳೆ, ಹೆಚ್ಚು ಕಡಿಮೆ ಒಂದೇ ಪ್ರಮಾಣ. ಅಂದರೆ ಡ್ರಮ್ಮಿನಲ್ಲಿದ್ದದ್ದು ಬಹುಪಾಲು ನಮ್ಮ ತಳಿಯೇ. ಬಣ್ಣ ಸುರಿದು ತೊಳೆದೆವು. ಮೊದಲ ಡ್ರಮ್ಮಿನದರಲ್ಲಿ ಅಲ್ಲಲ್ಲಿ ತೆಳು ಉಂಗುರ. ಎರಡನೆಯದರಲ್ಲಿ ಹುಡುಕಬೇಕಾಯಿತು. ಮೂರನೆಯದು ಅಂಚಿನಿಂದ ಅಂಚಿಗೆ ಕೆಂಪು.

ಆ ಕೆಂಪು ತಟ್ಟೆಯ ಮುಂದೆ ಕುಳಿತು ನಡೆದದ್ದನ್ನು ಜೋಡಿಸಿದೆ. ಕಿಣ್ವ ತಯಾರಿಸುವುದು ಬ್ಯಾಕ್ಟೀರಿಯಾಕ್ಕೆ ಖರ್ಚಿನ ಕೆಲಸ. ಸೊಟ್ಟ ಹಲ್ಲಿನ ಯಂತ್ರದಿಂದ ಅದರ ಬೆಳವಣಿಗೆ ಮೊದಲೇ ನಿಧಾನ. ಬೆಲ್ಲದ ನೀರಿನಲ್ಲಿ ಹುಲ್ಲು ಕತ್ತರಿಸಿ ಯಾರೂ ಹೊಟ್ಟೆ ತುಂಬಿಸಿಕೊಳ್ಳಬೇಕಿಲ್ಲ. ಅಲ್ಲಿ ಇನ್ನೊಂದು ಚಿಕ್ಕ ಬದಲಾವಣೆಯಿಂದ ಈ ಖರ್ಚನ್ನು ನಿಲ್ಲಿಸಿಕೊಂಡವು ಚುರುಕಾಗಿ ಬೆಳೆಯುತ್ತವೆ. ಪ್ರತಿ ಹೆಪ್ಪಿನಲ್ಲೂ ಅವುಗಳ ಪಾಲು ಏರುತ್ತದೆ. ಆದರೆ ಔಷಧ ನಿರೋಧಕತೆಯನ್ನು ಬಿಟ್ಟುಕೊಡಲು ಯಾವ ಒತ್ತಾಯವೂ ಇಲ್ಲ, ಅದು ಹಾಗೇ ಉಳಿಯುತ್ತದೆ. ಹುಲ್ಲು ಕರಗಿಸಲಾರದ, ಔಷಧಕ್ಕೆ ಸಾಯಲಾರದ ಜೀವಿಗಳನ್ನು ನಾವು ಆರು ಎಕರೆಗೆ ಎರಚಿದ್ದೆವು.

ಸಹಾಯಕಿ ಕೇಳಿದಳು, “ಫ್ರೀಜರಿನ್ಯಾಗ ಇಟ್ಟದ್ದು ಐತಲ್ಲ ಸರ?”

ಇತ್ತು. ಫ್ರಿಜ್ಜಿನ ತಟ್ಟೆಗಳಿಗೆ ಬೂಸು ಹಿಡಿದು ಅವನ್ನು ಎಂದೋ ಎಸೆದಾಗಿತ್ತು, ಉಳಿದದ್ದು ಗ್ಲಿಸರಿನ್ ಬೆರೆಸಿ ಇಟ್ಟ ಏಳನೇ ತಳಿಯ ಒಂದು ಸೀಸೆ. ಮೊದಲ ತಟ್ಟೆಯಿಂದಲೇ ತೆಗೆದು ಇಟ್ಟದ್ದೆಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅಂದು ಕರೆಂಟು ಹೋಗಿತ್ತು, ನಾನೇ ಬಾಗಿಲಿನ ಬಳಿ ಬೆಳಕಿಗೆ ಬಂದು ಸೀಸೆಯ ಮುಚ್ಚಳ ತಿರುಗಿಸಿದ್ದೆ. ಅವಳ ನೆನಪು ಬೇರೆ. ಕರೆಂಟು ಹೋದ ದಿನ ನಾವಿಟ್ಟದ್ದು ಮೂಲ ತಳಿಯಂತೆ. ಏಳನೆಯದನ್ನು ಇಟ್ಟದ್ದು ಎಷ್ಟೋ ದಿನದ ಮೇಲೆ, ಫ್ಲಾಸ್ಕಿನಿಂದ ಫ್ಲಾಸ್ಕಿಗೆ ಹಲವು ಸಲ ದಾಟಿಸಿ ಉಳಿದದ್ದರಿಂದ ತೆಗೆದು. ಸೀಸೆ ತೆರೆದು ತಟ್ಟೆಗೆ ಹಾಕಿದೆವು. ಔಷಧದ ತಟ್ಟೆಯಲ್ಲಿ ಸೊಂಪಾಗಿ ಬೆಳೆಯಿತು. ಬಣ್ಣ ಹಾಕಿದರೆ ಉಂಗುರವಿಲ್ಲ. ತಟ್ಟೆ ಅವಳ ಪರ ಸಾಕ್ಷಿ ಹೇಳಿತು.

ಅದಾದ ಮೇಲೆ ನಾನು ಯಾವುದನ್ನೂ ‘ನೆನಪಿದೆ’ ಎಂದು ಹೇಳುವ ಮೊದಲು ತಡೆಯುತ್ತೇನೆ.

ವಿಷಯ ತಿಳಿಸಲು ಗೊರೇಬಾಳಕ್ಕೆ ಹೋದಾಗ ಭಾಯಿ ಸಸಿ ಮಡಿಗೆ ನೀರು ಬಿಡುತ್ತಿದ್ದರು. ಹೆಪ್ಪು ಹಾಕಿ ಹಾಕಿ ಕಸುವು ಹೋಗಿದೆ ಎಂದಷ್ಟೇ ಹೇಳಿದೆ. ಅವರು ಸಲಿಕೆಯನ್ನು ಬದುವಿಗೆ ನೆಟ್ಟು ನನ್ನ ಕಡೆ ತಿರುಗಿದರು.

“ಮೊದಲನೇ ಡ್ರಮ್ಮಿಂದು ಬೇಕೇನ್ರೀ? ಅದು ಮಸ್ಕ್ಯಾಗ ಐತಿ. ನಮ್ಮ ಆಪಾಗ ಒಂದ್ ಕ್ಯಾನ್ ಕೊಟ್ಟು ಕಳಿಸೀನಿ.”

ಯಾರಿಗೂ ಕೊಡಬಾರದಿತ್ತು ಎಂಬ ಗಾಬರಿ, ಕೊಟ್ಟದ್ದು ಒಳ್ಳೆಯದಾಯಿತು ಎಂಬ ಆಸೆ, ಎರಡೂ ಒಟ್ಟಿಗೇ ಬಂದವು. ಮೊದಲ ಡ್ರಮ್ಮಿನ ಶುರುವಿನ ಮಾಲು ಯಾರ ಕೈಯಲ್ಲಾದರೂ ಮತ್ತೆ ಬೆಲ್ಲ ಕಾಣದೆ ಉಳಿದಿದ್ದರೆ ಈ ಬ್ಯಾಕ್ಟೀರಿಯಾ ಬೀಜಾಣುವಾಗಿ ಮುದುಡಿ ತಿಂಗಳುಗಟ್ಟಲೆ ಕಾಯಬಲ್ಲದು. ಕಾಯುವಾಗ ಬದಲಾಗುವುದಿಲ್ಲ.

ಭಾಯಿಯ ಬೈಕಿನ ಹಿಂದೆ ಕುಳಿತು ಮಸ್ಕಿಗೆ ಹೋದೆ. ಅವರ ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಕ್ಯಾನ್ ಎಂದ ಕೂಡಲೇ ಮುಖ ಅರಳಿತು.

“ಹಿತ್ತಲದಾಗ ಐತ್ರೀ ಸಾಹೇಬ್ರ. ಹಸಿದೀತಂತ ವಾರಕ್ಕೊಮ್ಮಿ ಬೆಲ್ಲಾ ಹಾಕ್ತೀನಿ. ನೋಡ್ ಬರ್ರಿ, ಹೆಂಗ ಉಕ್ಕಾಕತ್ತೇತಿ! ತಿಪ್ಪಿಗೂ ಹಾಕೀನಿ. ಓಣ್ಯಾಗ ನಾಕ್ ಮಂದಿಗೂ ಕೊಟ್ಟೀನಿ.”

“ಸಬ್ ಬಾಂಟ್ ದಿಯೇ ಕ್ಯಾ ಆಪಾ?” ಎಲ್ಲಾ ಹಂಚಿಬಿಟ್ಟೆಯಾ ಎಂದು ಭಾಯಿ ತಲೆ ಮೇಲೆ ಕೈ ಇಟ್ಟುಕೊಂಡರು.

“ಕೇಳಿದಾವ್ರಿಗೆ ಹೆಪ್ಪು ಇಲ್ಲ ಅನ್ನಾಕಾಗ್ತೈತೇನು? ನಿನ್ನಂಗ ಪಕ್ಕದ ಹೊಲದಾವ್ರ ಪೈಪ್ ಸುಟ್ಟೀನೇನು ನಾನು?”

ಬೆಲ್ಲ ಹಾಕದವರು ಯಾರಾದರೂ ಇದ್ದಾರೆಯೇ ಎಂದು ನಾನು ಕೇಳಿದೆ. ಆಕೆ ಯೋಚಿಸಿ, ಮಗಳನ್ನು ಕೊಟ್ಟ ಲಿಂಗಸುಗೂರಿನ ಮನೆಗೆ ಮೊದಲ ವಾರವೇ ಒಂದು ಬಾಟಲಿ ಕಳಿಸಿದ್ದಾಗಿ ಹೇಳಿದರು. “ಅವ್ರು ಮುಟ್ಟಿರಾಕಿಲ್ಲ ಬಿಡ್ರಿ. ಕೂತಲ್ಲೆ ನೀರ ಕೇಳೋ ಮಂದಿ.” ಬೀಗರ ಸೋಮಾರಿತನ ಅಂದು ನನಗಿದ್ದ ಏಕೈಕ ಭರವಸೆ.

ಸಹಾಯಕಿ ಲಿಂಗಸುಗೂರಿನವಳು, ದಿನವೂ ಅಲ್ಲಿಂದ ಬಸ್ಸಿನಲ್ಲಿ ಬರುವವಳು. ಮರುದಿನ ಬಾಟಲಿಯನ್ನು ಅವಳೇ ತಂದಳು. ಎಮ್ಮೆ ಕೊಟ್ಟಿಗೆಯ ಗೂಡಿನಲ್ಲಿ, ಮುಚ್ಚಳ ಕೂಡ ತೆರೆಯದೆ ಇಟ್ಟಿದ್ದರಂತೆ. ತಳದಲ್ಲಿ ಕಂದು ಗಸಿ, ಮೇಲೆ ತಿಳಿ ನೀರು.

ಅದೇ ದಿನ ಭಾಯಿ ಲ್ಯಾಬಿಗೆ ಬಂದರು. ಅಲ್ಲಿಯವರೆಗೆ ಅವರು ಒಳಗೆ ಬಂದಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತರು. ಕಾಲುವೆಗೆ ನೀರು ಬಿಡುವ ತಾರೀಖು ಗೊತ್ತಾಗಿತ್ತು. ಮೂರು ವಾರವೂ ಉಳಿದಿರಲಿಲ್ಲ.

“ಸರ, ಒಂದ ಮಾತ ಹೇಳ್ರಿ. ಈಗ ನೀರು ಹೊಡೆಯೋದು ನಿಲ್ಲಿಸಿದ್ರ ನಾಕ್ ದಿನಕ್ಕ ಹುಲ್ಲು ಒಣಗ್ತೈತಿ. ಬಾಜೂದಾವ್ರ ಕೈಕಾಲು ಹಿಡದು ಹಚ್ಚಿಬಿಡ್ತೀನಿ. ಮಾನಾ ಹೋಗ್ತೈತಿ, ಬೆಳಿ ಉಳೀತೈತಿ. ಇಲ್ಲಾ, ಕಾಯ್ರಿ ಅಂದ್ರ ಕಾಯ್ತೀನಿ.”

ಲೆಕ್ಕ ನನ್ನ ತಲೆಯಲ್ಲಿತ್ತು. ತಟ್ಟೆಯಲ್ಲಿ ಉಂಗುರ ನೋಡಲು ಮೂರು ದಿನ. ಫ್ಲಾಸ್ಕುಗಳಲ್ಲಿ ಬೆಲ್ಲವಿಲ್ಲದೆ, ಹುಲ್ಲಿನ ಪುಡಿಯನ್ನೇ ಆಹಾರವಾಗಿಟ್ಟು ಬೆಳೆಸಲು ಮತ್ತಷ್ಟು. ಉಳಿಯುವುದು ಎರಡು ವಾರಕ್ಕಿಂತ ಕಡಿಮೆ. ಬೋರಿನ ಹತ್ತಿರದ ಪಟ್ಟಿ ಅಷ್ಟೇ ದಿನಗಳಲ್ಲಿ ಕಪ್ಪಾಗಿತ್ತು. ಎಲ್ಲವೂ ಸರಿಹೋದರೆ ಸಾಲಬಹುದು. ಎಲ್ಲವೂ ಸರಿಹೋದದ್ದು ನಾನು ಈ ಕೆಲಸದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಕಾಯ್ರಿ,” ಎಂದೆ.

ಈ ಮಾತಿನ ಬಗ್ಗೆ ಯಾರಿಗೂ ಭಿನ್ನ ನೆನಪಿಲ್ಲ.

ಲಿಂಗಸುಗೂರಿನ ಗಸಿಯನ್ನು ಬಿಸಿನೀರಿನಲ್ಲಿಟ್ಟು ಬೀಜಾಣುಗಳನ್ನು ಮಾತ್ರ ಉಳಿಸಿಕೊಂಡು ತಟ್ಟೆಗೆ ಹಾಕಿದೆವು. ಮೂರನೇ ದಿನ ಬಣ್ಣ ಸುರಿದು ತೊಳೆದಾಗ ಉಂಗುರಗಳು ಎದ್ದವು. ಒಂದೆರಡಲ್ಲ, ತಟ್ಟೆಯ ತುಂಬ. ಸಹಾಯಕಿ ಚಪ್ಪಾಳೆ ತಟ್ಟಿದಳು. ಈ ಸಲ ಅಳತೆಪಟ್ಟಿ ಇಟ್ಟೆ. ಅವು ಅಂಗಿ ಗುಂಡಿಯಷ್ಟಿದ್ದವು. ಅತ್ತಿತ್ತ ತಿರುಗಿಸಿ ನೋಡಿದೆ. ಇನ್ನೊಂದು ದಿನ ಬೆಳೆಯಲು ಬಿಟ್ಟ ತಟ್ಟೆಯಲ್ಲೂ ಅಷ್ಟೇ.

“ಇದು ಅರ್ಧಕ್ಕರ್ಧ ಕೆಟ್ಟದ್ದು ಇರಬೇಕು,” ಎಂದೆ.

“ಇಲ್ಲ ಸರ. ಇಷ್ಟೇ ಇತ್ತು. ಮೊದಲೂ ಇಷ್ಟೇ ಇತ್ತು.”

ಇದ್ದಷ್ಟರಲ್ಲೇ ಮುಂದುವರಿಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಇದ್ದ ಫ್ಲಾಸ್ಕುಗಳನ್ನೆಲ್ಲ ತುಂಬಿದೆವು. ಹತ್ತಿರದ ಹೋಟೆಲಿನಿಂದ ಅಲ್ಯೂಮಿನಿಯಂ ಪಾತ್ರೆ ತಂದು ಹುಲ್ಲಿನ ಪುಡಿಯ ಗಂಜಿ ಬೇಯಿಸಿದೆವು. ಕರೆಂಟು ಹೋದಾಗ ಫ್ಲಾಸ್ಕುಗಳನ್ನು ಕೈಯಿಂದ ಅಲುಗಾಡಿಸಿದೆವು. ಹೊಲಕ್ಕೆ ಒಯ್ದು ಸಿಂಪಡಿಸಿದ ದಿನ ಚಳಿಗಾಳಿ ಬೀಸುತ್ತಿತ್ತು. ಕೈ ತೋಯ್ದರೆ ಬೆರಳು ಸೆಟೆಯುವಂಥ ಬೆಳಗು. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಬಿಸಿ.

ನೀರು ಹೇಳಿದ ದಿನಕ್ಕೇ ಬಂತು. ಆ ಹೊತ್ತಿಗೆ ಹುಲ್ಲಿನ ಕೆಳಪದರ ಅಲ್ಲಲ್ಲಿ ಮೆತ್ತಗಾಗಿತ್ತು, ಉಳಿದದ್ದು ನಾರಿನಂತಿತ್ತು. ಹಚ್ಚಲು ಬಾರದಷ್ಟು ಒದ್ದೆ, ಉಳಲು ಬಾರದಷ್ಟು ಗಟ್ಟಿ. ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಗೆ ಹುಲ್ಲು ಸುತ್ತಿಕೊಂಡು ನಾಲ್ಕು ಮಾರಿಗೊಮ್ಮೆ ನಿಲ್ಲಿಸಿ ಕುಡುಗೋಲಿನಿಂದ ಕೊಯ್ದು ತೆಗೆಯಬೇಕಾಯಿತು. ಡ್ರೈವರ್ ಬೈಯುತ್ತಿದ್ದ. ಭಾಯಿ ಅವನಿಗೂ ನನಗೂ ಚಹಾ ತರಿಸಿದರು. ಕೊನೆಗೆ ಹುಲ್ಲನ್ನು ಕೆಸರಿನೊಳಗೇ ತುಳಿದು, ನೀರು ತಪ್ಪಿಹೋಗುವ ಮೊದಲು ನಾಟಿ ಮುಗಿಸಿದರು.

ಕೆಸರಿನೊಳಗೆ ಹುಲ್ಲು ಆಮೇಲೆ ಕೊಳೆಯತೊಡಗಿತು, ಬೇಡವಾದ ಹೊತ್ತಿನಲ್ಲಿ. ಕೊಳೆಯುವ ಹುಲ್ಲು ಮಣ್ಣಿನ ಸಾರಜನಕವನ್ನು ತಾನೇ ಹೀರಿಕೊಳ್ಳುತ್ತದೆ. ಸಸಿಗಳು ಹಳದಿಯಾದವು. ಗದ್ದೆಯಲ್ಲಿ ಕಾಲಿಟ್ಟರೆ ಗುಳ್ಳೆಗಳೆದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಕಿತ್ತು ನೋಡಿದರೆ ಬೇರು ಕಪ್ಪು. ಯೂರಿಯಾ ಹಾಕಿದರು, ನೀರು ಬಸಿದು ನೋಡಿದರು. ಕೆಲವು ಮಡಿ ಚೇತರಿಸಿಕೊಂಡವು. ಹೆಚ್ಚಿನವು ಮೊಳಕಾಲೆತ್ತರಕ್ಕೇ ನಿಂತವು. ಕಟಾವು ಯಂತ್ರದವನು ದಾರಿಯಲ್ಲೇ ನಿಂತು ನೋಡಿ, ಇದಕ್ಕೆ ಮಷೀನ್ ಇಳಿಸಬೇಕೇ ಎಂದು ಕೇಳಿದನಂತೆ.

ನಡುವೆ ಒಂದು ದಿನ ಸಹಾಯಕಿಯೂ ನಾನೂ ಬೋರಿನ ಹತ್ತಿರದ ಆ ಮೊದಲ ಪಟ್ಟಿಗೆ ಹೋದೆವು. ಮೋಟರಿನ ಪೈಪಿನ ಜೋಡಣೆ ಸೋರುತ್ತಿತ್ತು. ಎಂದಿನಿಂದ ಎಂದು ಕೇಳಿದೆ. ಮೊದಲಿನಿಂದಲೂ ಎಂದರು ಭಾಯಿ. ಎರಡೂ ಪಟ್ಟಿಗಳ ಮೇಲುಗಡೆ ಅವರ ತಿಪ್ಪೆಯಿತ್ತು. ಸೋರಿದ ನೀರು ತಿಪ್ಪೆಯ ಸಾರ ಹೊತ್ತು ಅಲ್ಲಿಗೇ ಹರಿಯುತ್ತಿತ್ತು. ಅಷ್ಟು ನೀರು, ಅಷ್ಟು ಗೊಬ್ಬರ ಸಿಕ್ಕರೆ ಹುಲ್ಲು ತಾನಾಗಿಯೇ ಕೊಳೆಯುತ್ತಿತ್ತೋ ಏನೋ. ಏನೂ ಹಾಕದ ಪಟ್ಟಿಯೊಂದು ಉಳಿದಿದ್ದರೆ ಹೇಳಬಹುದಿತ್ತು. ಏಳನೇ ತಳಿ ಕಸುವು ಕಳೆದುಕೊಂಡಿತೇ, ಅಥವಾ ಅದಕ್ಕೆ ಇದ್ದದ್ದೇ ಅಂಗಿ ಗುಂಡಿಯಷ್ಟು ಕಸುವೇ, ನನಗೆ ಗೊತ್ತಿಲ್ಲ. ಉತ್ಪರಿವರ್ತನೆ ಕಿಣ್ವವನ್ನು ಹೆಚ್ಚಿಸಿತ್ತೆಂಬುದು ತಟ್ಟೆಯ ಮಟ್ಟಿಗೆ ನಿಜ. ಹೊಲದಲ್ಲಿ ಅದರಿಂದ ಒಂದು ಎಳೆ ಹುಲ್ಲಾದರೂ ಕರಗಿತೇ ಎಂದು ಪ್ರಮಾಣ ಮಾಡಿ ಹೇಳಲಾರೆ.

ಡ್ರಮ್ಮುಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸಿದೆ. ಮಸ್ಕಿಯ ಅಕ್ಕ ತಮ್ಮ ಕ್ಯಾನಿಗೆ ಹಾಕಲು ಒಪ್ಪಲಿಲ್ಲ. “ಜೀವ ಇರೋದಕ್ಕ ವಿಷಾ ಹಾಕು ಅಂತೀರಲ್ರೀ,” ಎಂದರು. ಓಣಿಯ ನಾಲ್ಕು ಮನೆಗಳಲ್ಲಿ ಎರಡರವರು ಮತ್ತೆ ಬೇರೆಯವರಿಗೆ ಕೊಟ್ಟಾಗಿತ್ತು. ಅಲ್ಲಿಂದಾಚೆಗೆ ವಿಚಾರಿಸಿದರೂ ಜಾಡು ಸಿಗಲಿಲ್ಲ. ಭಾಯಿಯ ಗದ್ದೆಯಿಂದ ಬಸಿದು ಹೋಗುವ ನೀರನ್ನು ಔಷಧದ ತಟ್ಟೆಗೆ ಹಾಕಿ ನೋಡಿದೆವು. ಬೆಳೆಯಿತು. ದಢೇಸುಗೂರಿನ ಸಂಬಂಧವಿಲ್ಲದ ಗದ್ದೆಯ ನೀರನ್ನೂ ಹಾಕಿದೆವು. ಅಲ್ಲೂ ಕೆಲವು ಬೆಳೆದವು, ಕಡಿಮೆ. ಇದರಲ್ಲಿ ನಮ್ಮ ಪಾಲೆಷ್ಟು, ಮಣ್ಣಿನಲ್ಲಿ ಮೊದಲೇ ಇದ್ದದ್ದೆಷ್ಟು, ಅದನ್ನು ತೂಗಿ ನೋಡುವ ತಕ್ಕಡಿ ನಮ್ಮ ಲ್ಯಾಬಿನಲ್ಲಿಲ್ಲ. ಮಾಲೀಕರು ಬಾಟಲಿಯ ಚಿತ್ರದ ಮಾತು ಮತ್ತೆ ಎತ್ತಲಿಲ್ಲ. ಹಿಂದಿನ ಎರಡು ಕೋಣೆಗಳಲ್ಲಿ ಒಂದಕ್ಕೆ ಕೀಟನಾಶಕದ ಪೆಟ್ಟಿಗೆಗಳು ಬಂದವು.

ಮುಂದಿನ ವರ್ಷ ಮುಂಗಾರು ಭತ್ತದ ಕಟಾವಾದ ಮೇಲೆ, ಒಂದು ಮಧ್ಯಾಹ್ನ ಭಾಯಿ ಫೋನ್ ಮಾಡಿದರು. ಅವರ ದನಿಯ ಹಿಂದೆ ಇನ್ನಾರೋ ಮಾತಾಡುವುದು ಕೇಳುತ್ತಿತ್ತು.

“ಸರ, ಹೊಲದಾಗ ಅದೀನಿ. ಬಾಜೂದಾವ್ರೂ ಇಲ್ಲೇ ಅದಾರ. ಪೈಪು, ಕೇಬಲ್ಲು ಎಲ್ಲಾ ಸುತ್ತಿ ಮನಿಗೆ ಸಾಗಿಸ್ಯಾರ. ಇವತ್ತ ಗಾಳಿ ಇಲ್ಲ.”

“ಹೂಂ.”

“ನಿಮಗೂ ಒಂದ್ ಮಾತ ಕೇಳಬೇಕಂತ ಮಾಡಿದೆ. ಹಚ್ಚಲೇನ್ರೀ?”

ನನ್ನನ್ನು ಕೇಳುವ ಅಗತ್ಯ ಅವರಿಗಿರಲಿಲ್ಲ. ಹೊಲ ಅವರದು. ಹುಲ್ಲು ಸುಟ್ಟರೆ ಮಣ್ಣಿಗೇನಾಗುತ್ತದೆ, ಗಾಳಿಗೇನಾಗುತ್ತದೆ ಎಂದು ಅದೇ ಬದುವಿನ ಮೇಲೆ ನಿಂತು ಅವರಿಗೆ ಹೇಳಿದವನು ನಾನು. ಅದೆಲ್ಲ ಇವತ್ತಿಗೂ ನಿಜ.

“ಹುಲ್ಲು ಪೂರಾ ಒಣಗೇತೇನು?” ಎಂದೆ.

“ಬರೋಬ್ಬರಿ ಒಣಗೇತ್ರೀ.”

“ಹಚ್ರಿ.”

ಅವರು ಫೋನ್ ಕತ್ತರಿಸದೆ ಜೇಬಿಗೆ ಹಾಕಿಕೊಂಡರು. ಪಕ್ಕದ ಹೊಲದವರು ಏನೋ ಅಂದರು, ಭಾಯಿ ನಕ್ಕರು. ಆಮೇಲೆ ಹುಲ್ಲು ಚಟಚಟನೆ ಹತ್ತಿಕೊಂಡ ಸದ್ದು ಕೇಳಿತು.